ಪಂಚಾಯ್ತಿವರೆಗೆ ಬಂದ ಫೈಬರ್, ಆಮೇಲಿನ ಏಳು ಕಿಲೋಮೀಟರ್

ಶಿರಸಿ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಘಟ್ಟ ಇಳಿಯಲು ಶುರುವಾಗುವ ಜಾಗದಲ್ಲಿ ಈ ಊರಿದೆ. ಹೆಸರು ಹೇಳುವುದಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ಆದದ್ದನ್ನೂ ಸೇರಿಸಿ ಒಂದೇ ಊರಿನ ಕಥೆಯಾಗಿ ಬರೆದಿದ್ದೇನೆ, ಹಾಗಾಗಿ ಇದು ಯಾವ ಊರು ಅಂತ ಹುಡುಕಿ ಪ್ರಯೋಜನವಿಲ್ಲ. 60ರ ಆಸುಪಾಸು ಮನೆಗಳು. ಕಣಿವೆಯ ಉದ್ದಕ್ಕೂ ಅಡಿಕೆ ತೋಟ, ತೋಟದ ತಲೆಯ ಮೇಲೆ ಒಂದೊಂದೇ ಮನೆ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳಿಸುತ್ತದೆ, ಆದರೆ ಮನೆ ಕಾಣಿಸುವುದಿಲ್ಲ. ಹಳ್ಳದ ಆಚೆ ಕೂಲಿ ಕೆಲಸಕ್ಕೆ ಹೋಗುವವರ ಕೇರಿ. ನಡುವೆ ಒಂದು ಸಂಕ.

ಪಂಚಾಯ್ತಿ ಇರುವ ಊರು ಇಲ್ಲಿಂದ 7 ಕಿಲೋಮೀಟರ್. ಅಲ್ಲಿಗೆ ಫೈಬರ್ ಬಂದು ವರ್ಷಗಳೇ ಆಗಿವೆ. ಕೇಂದ್ರ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿದ ಯೋಜನೆ, 2015ರಲ್ಲಿ ಭಾರತ್‌ನೆಟ್ ಅಂತ ಹೆಸರು ಬದಲಾಯಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ತಲಾ 100 ಎಂಬಿಪಿಎಸ್ ಮುಟ್ಟಿಸುವುದು ಗುರಿ. 2017ರ ಕೊನೆಗೆ ಮೊದಲ 1 ಲಕ್ಷ ಪಂಚಾಯ್ತಿಗಳು ಮುಗಿದವು. ಸರಕಾರದ ಲೆಕ್ಕದಲ್ಲಿ ಈ ಪಂಚಾಯ್ತಿಯೂ ಸಂಪರ್ಕ ಆಗಿರುವ ಪಟ್ಟಿಯಲ್ಲಿದೆ. ಲೆಕ್ಕ ಸುಳ್ಳಲ್ಲ. ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ ಪೆಟ್ಟಿಗೆ ಇದೆ, ಹಸಿರು ದೀಪವೂ ಉರಿಯುತ್ತದೆ. ಯೋಜನೆ ಮಾತು ಕೊಟ್ಟಿದ್ದು ಪಂಚಾಯ್ತಿ ಕಟ್ಟಡದವರೆಗೆ ಮಾತ್ರ. ಅಲ್ಲಿಂದ ಮುಂದೆ ಮನೆಮನೆಗೆ ಯಾರು ಒಯ್ಯಬೇಕು ಅನ್ನುವುದಕ್ಕೆ ಮೊದಲ ಹಂತದಲ್ಲಿ ಗಟ್ಟಿ ಏರ್ಪಾಡು ಇರಲಿಲ್ಲ.

ಮೊಬೈಲ್ ಟವರ್? ಇದೆ, ಎರಡು ಗುಡ್ಡದ ಆಚೆ. ರೇಡಿಯೋ ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ. ತೋಟ ಇರುವುದೇ ಕಣಿವೆಯ ತಳದಲ್ಲಿ, ನೀರು ಸಿಗುವಲ್ಲಿ. ಅಡಿಕೆಗೆ ಬೇಕಾದ ಜಾಗವೂ ಸಿಗ್ನಲ್‌ಗೆ ಬೇಕಾದ ಜಾಗವೂ ಒಂದಕ್ಕೊಂದು ಉಲ್ಟಾ. ಕರೆಂಟು ಹೋಗಿ ಕೆಲವು ತಾಸಿಗೆ ಟವರ್ ಬ್ಯಾಟರಿಯೂ ಮುಗಿಯುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟು ಹೋದರೆ ಮೂರು ದಿನಕ್ಕೆ ಬಂದರೂ ಪುಣ್ಯ.

ಯಾರಿಗೆ ಏನು ಬೇಕಿತ್ತು

2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಗುಡ್ಡದ ನೆತ್ತಿಯಲ್ಲಿ, ಸೊಪ್ಪಿನ ಬೆಟ್ಟದ ಒಂದು ಜಾಗದಲ್ಲಿ ಎರಡು ಗೀಟು ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ತಾಡಪಾಲು ಕಟ್ಟಿದರು. ಹಗಲು ಕಾಲೇಜು ಹುಡುಗರು, ಸಂಜೆ ಆಫೀಸಿನವರು. ಇಂಟರ್‌ನೆಟ್ ಬೇಕು ಅಂತ ಊರಿನಲ್ಲಿ ಗಟ್ಟಿ ದನಿ ಎದ್ದಿದ್ದು ಆಗ. ದನಿ ಎತ್ತಿದವರು ತೋಟದ ಮನೆಯವರು.

ಕೇರಿಯವರ ತೊಂದರೆ ಬೇರೆ ಥರದ್ದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಬೇಕು, ಯಂತ್ರಕ್ಕೆ ನೆಟ್‌ವರ್ಕ್ ಬೇಕು. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದಾಗ ಮನೆಯ ಯಜಮಾನಿಯ ಖಾತೆ, ಆಧಾರ್, ಫೋನ್ ನಂಬರ್ ಎಲ್ಲ ಹೊಂದಿಕೆಯಾಗಬೇಕಾಯಿತು. ಇವರಲ್ಲಿ ಯಾರೂ ಇಂಟರ್‌ನೆಟ್ ಬೇಕು ಅಂತ ಅರ್ಜಿ ಹಾಕಿದವರಲ್ಲ. ಇಂಟರ್‌ನೆಟ್ಟೇ ಅವರನ್ನು ಹುಡುಕಿಕೊಂಡು ಬಂದಿತ್ತು. ಅದಿಲ್ಲದೆ ಅಕ್ಕಿಯೂ ಸಿಗದು, ಕೂಲಿಯೂ ಸಿಗದು ಅನ್ನುವ ಹಾಗೆ.

ಈ ಎರಡು ಬೇಡಿಕೆಗಳನ್ನು ಒಂದೇ ಅಂತ ತಿಳಿದು ಹೊರಟಿದ್ದೇ ಮೊದಲ ಎಡವಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸಲ ಎಳೆದ ತಂತಿ

ಪಂಚಾಯ್ತಿ ಊರಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಒಎಲ್‌ಟಿ ಕೂರಿಸಲು ಅವಕಾಶ ಸಿಕ್ಕಿತು. ಒಎಲ್‌ಟಿ ಅಂದರೆ ಮನೆಗಳ ಕಡೆಗೆ ಬೆಳಕು ಕಳಿಸುವ ಪೆಟ್ಟಿಗೆ. ಅಲ್ಲಿಂದ ಊರಿಗೆ ತಂತಿ ಎಳೆಯುವ ಕೆಲಸ ಒಬ್ಬ ಕೇಬಲ್ ಟಿವಿಯವನಿಗೆ ಹೋಯಿತು. ಮನೆಗಳು ಸೇರಿ ಮುಂಗಡ ಕೊಟ್ಟವು. ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಜನವರಿಯಿಂದ ಏಪ್ರಿಲ್‌ವರೆಗೆ ಊರಿನಲ್ಲಿ ಹಬ್ಬ.

ಹತ್ತಿರದ ದಾರಿ ಅಂತ ತಂತಿಯನ್ನು ತೋಟದೊಳಗಿಂದ ತಂದಿದ್ದರು. ಅಡಿಕೆ ಮರದಿಂದ ಮರಕ್ಕೆ ಕಟ್ಟಿದ್ದರು. ಇದನ್ನು ನೋಡಿ ಊರಿನ ಕೊನೆಗೌಡ ಅವತ್ತೇ ಹೇಳಿದ್ದ: "ಭಟ್ರೇ, ತಂತಿ ಕಟ್ಟಿದ್ರೆ ಮರ ತೂಗೂದು ಬಿಡ್ತದಾ?" ಜೀವಮಾನವಿಡೀ ಅಡಿಕೆ ಮರದ ತುದಿಯಲ್ಲಿ ತೂಗಾಡಿ ಕೊನೆ ಇಳಿಸಿದವನ ಮಾತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇ ತಿಂಗಳ ಗುಡುಗಿಗೆ ಮೊದಲ ಪೆಟ್ಟು ಬಿತ್ತು. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಸಿಡಿಲಿಗೆ ಹೆದರಬೇಕಿಲ್ಲ ಅಂತ ಎಲ್ಲರೂ ನಂಬಿದ್ದರು. ಗಾಜಿನ ಮಟ್ಟಿಗೆ ಅದು ನಿಜ. ಆದರೆ ಅಗ್ಗದ ಕೇಬಲ್‌ನಲ್ಲಿ ಎಳೆದಾಗ ತುಂಡಾಗದಿರಲಿ ಅಂತ ಉಕ್ಕಿನ ಸರಿಗೆ ಇರುತ್ತದೆ. ಆ ಸರಿಗೆ ಸಿಡಿಲನ್ನು ನೇರ ಮನೆಯ ಗೋಡೆವರೆಗೆ ತಂದುಬಿಟ್ಟಿತು. ಉಳಿದದ್ದಕ್ಕೆ ಪ್ಲಗ್ಗಿನಲ್ಲೇ ಬಿಟ್ಟ ಅಡಾಪ್ಟರ್ ದಾರಿಯಾಯಿತು. ಒಂದೇ ಸಂಜೆ ಹಲವು ಮನೆಗಳ ಮೋಡೆಮ್ ಸುಟ್ಟವು.

ಜೂನಿನಲ್ಲಿ ಗಾಳಿ. ಮರ ತೂಗಿತು, ತಂತಿ ಜಗ್ಗಿತು. ಗಾಜಿನ ಎಳೆ ಪೂರ್ತಿ ತುಂಡಾಗದಿದ್ದರೂ ಬಿಗಿಯಾಗಿ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಜಾಯಿಂಟ್ ಪೆಟ್ಟಿಗೆಗಳನ್ನು ಬಾಯಿ ಮೇಲೆ ಮಾಡಿ ನೇತುಹಾಕಿದ್ದರು, ಒಳಗೆ ನೀರು ನಿಂತಿತು. ಒಂದೆರಡರಲ್ಲಿ ಚಿಗಳಿ ಗೂಡು. ಮಂಗಗಳಿಗಂತೂ ಹೊಸ ಜೋಕಾಲಿ ಸಿಕ್ಕಿತ್ತು.

ಆದರೆ ಕಣಿವೆಯ ತುದಿಯ ಮನೆಗಳಲ್ಲಿ ಮಳೆಗಾಲಕ್ಕೂ ಮೊದಲೇ ನೆಟ್ ಬಂದು ಹೋಗುತ್ತಿತ್ತು. ಇದರ ಕಾರಣ ಮರವಲ್ಲ, ಲೆಕ್ಕ. ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಬೇರೆ ಊರುಗಳಲ್ಲೂ ಇದೇ ಲೆಕ್ಕ ತಪ್ಪುವುದನ್ನು ನೋಡಿದ್ದೇನೆ.

ಒಎಲ್‌ಟಿಯಿಂದ ಹೊರಟ ಬೆಳಕು ಮನೆ ತಲುಪುವುದರೊಳಗೆ ಎಷ್ಟು ಕಳೆದುಹೋಗಬಹುದು ಅನ್ನುವುದಕ್ಕೆ ಮಿತಿ ಇದೆ. ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆಗೆ ಜಿಪಾನ್ ಅನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ದರ್ಜೆಯ ಜಿಪಾನ್ ಉಪಕರಣಕ್ಕೆ ಆ ಮಿತಿ 28 ಡಿಬಿ. ಡಿಬಿ ಅಂದರೆ ಡೆಸಿಬೆಲ್, ಬೆಳಕು ಎಷ್ಟು ಕುಂದಿತು ಅಂತ ಅಳೆಯುವ ಮಾನ. ದೂರದಿಂದ ಆಗುವ ನಷ್ಟ ಕಡಿಮೆ, ಕಿಲೋಮೀಟರಿಗೆ ಹೆಚ್ಚೆಂದರೆ 0.35 ಡಿಬಿ. 7 ಕಿಲೋಮೀಟರಿಗೆ ಎರಡೂವರೆ ಡಿಬಿಯೂ ದಾಟದು. ದೊಡ್ಡ ನಷ್ಟ ಆಗುವುದು ಬೆಳಕನ್ನು ಹಂಚುವ ಸ್ಪ್ಲಿಟರ್‌ಗಳಲ್ಲಿ. ಒಂದನ್ನು ಎರಡಾಗಿ ಒಡೆದರೆ ಸುಮಾರು 3.5 ಡಿಬಿ ಹೋಯಿತು.

ಕೇಬಲ್ ಟಿವಿಯವನು ಟಿವಿ ತಂತಿಯ ಅಭ್ಯಾಸದಂತೆ ದಾರಿಯುದ್ದಕ್ಕೂ ಒಂದಾದ ಮೇಲೆ ಒಂದು ಎರಡು-ದಾರಿ ಸ್ಪ್ಲಿಟರ್ ಹಾಕಿಕೊಂಡು ಹೋಗಿದ್ದ. ಆರನೆಯದು ಮುಗಿಯುವಾಗ 21 ಡಿಬಿ ಖರ್ಚು. ದೂರದ್ದು ಎರಡೂವರೆ. ಯಂತ್ರವಿಲ್ಲದೆ ಕೈಯಲ್ಲೇ ಕೂಡಿಸಿದ ಜಾಯಿಂಟುಗಳದ್ದು ಮೂರ್ನಾಲ್ಕು. ಅಲ್ಲಿಗೆ ಗಂಟು ಖಾಲಿ. ಏಳನೆಯದರ ಆಚೆಯ ಮನೆಗೆ ಬೆಳಕು ತಲುಪಿದರೂ ಮೋಡೆಮ್ ಅದನ್ನು ಓದಲಾರದು. ಬಿಸಿಲಿದ್ದ ದಿನ ಹೇಗೋ ನಡೆಯುತ್ತದೆ, ಒಂದು ತಂತಿ ಬಾಗಿದರೆ ಕೆಂಪು ದೀಪ. ಆ ಮನೆಯವರು ಮೂರು ಸಲ ಮೋಡೆಮ್ ಬದಲಿಸಿದರು. ಅದರದ್ದೇನು ತಪ್ಪಿತ್ತು, ಪಾಪ.

ಆಗಸ್ಟಿಗೆ ನೆಟ್ ಪೂರ್ತಿ ನಿಂತಿತು. ಫೋನ್ ಮಾಡಿದರೆ "ಮಳೆ ಕಡಿಮೆಯಾಗಲಿ ನೋಡುವ" ಅನ್ನುವ ಉತ್ತರ. ಅವನನ್ನು ಪೂರ್ತಿ ದೂರಲಾರೆ. ಶಿರಸಿಯಿಂದ ಬೈಕಿನಲ್ಲಿ ಆ ಮಳೆಯಲ್ಲಿ ಬಂದು, ಇಂಬಳ ತುಂಬಿದ ತೋಟದಲ್ಲಿ ತಂತಿ ಹುಡುಕಿ, ಸರಿ ಮಾಡಿ ಹೋದರೆ ಅವನಿಗೆ ಸಿಗುವುದೇನು? ತಿಂಗಳ ಬಾಡಿಗೆಯಲ್ಲಿ ಅವನ ಪಾಲು ಪೆಟ್ರೋಲಿಗೂ ಸಾಲದು. ಹೊಸ ಕನೆಕ್ಷನ್ ಕೊಟ್ಟರೆ ದುಡ್ಡು, ಹಳೆಯದನ್ನು ರಿಪೇರಿ ಮಾಡಿದರೆ ಲುಕ್ಸಾನು. ಹೀಗಿರುವಾಗ ಮಳೆಗಾಲದಲ್ಲಿ ಯಾರು ಬರುತ್ತಾರೆ?

ಎರಡನೆಯ ಸಲ

ಮತ್ತೆ ಸಭೆ ಸೇರಿದಾಗ ಮೊದಲು ಬಂದ ಸಲಹೆ ನೆಲದಡಿಗೆ ಹೂಳುವುದು. ಕೇಳಲು ಚೆನ್ನಾಗಿದೆ. ಆದರೆ ಏಳು ಕಿಲೋಮೀಟರಿನಲ್ಲಿ ಅರ್ಧದಷ್ಟು ಚಿರೇಕಲ್ಲು ನೆಲ, ಒಂದಷ್ಟು ಅರಣ್ಯ ಇಲಾಖೆಯದು. ಜೊತೆಗೆ ಪ್ರತಿ ವರ್ಷ ಮಳೆಗೆ ಮುಂಚೆ ಗಟಾರ ತೆಗೆಯಲು ಬರುವ ಜೆಸಿಬಿ. ಹೂತ ಫೈಬರಿಗೆ ನಮ್ಮ ಜಿಲ್ಲೆಯಲ್ಲಿ ಜೆಸಿಬಿಯಷ್ಟು ದೊಡ್ಡ ಶತ್ರು ಇಲ್ಲ.

ಕೊನೆಗೆ ಹೆಸ್ಕಾಂ ಕಂಬಗಳ ಮೇಲೆ ಹೋಗುವುದು ಅಂತಾಯಿತು. ದಾರಿ ಸುತ್ತು, ಒಂದು ಕಿಲೋಮೀಟರ್ ಹೆಚ್ಚು. ಅನುಮತಿ ಬೇಕು, ಕಂಬಕ್ಕೆ ಬಾಡಿಗೆ ಕಟ್ಟಬೇಕು. ಆದರೆ ಕಂಬಕ್ಕೆ ಒಂದು ದೊಡ್ಡ ಗುಣವಿದೆ: ಅದು ಬಿದ್ದರೆ ಎತ್ತಲು ಯಾರಾದರೂ ಬಂದೇ ಬರುತ್ತಾರೆ. ಕರೆಂಟಿನ ಲೈನಿನ ಮೇಲೆ ಬಾಗಿದ ಮರದ ಟೊಂಗೆಯನ್ನು ಪ್ರತಿ ವರ್ಷ ಕಡಿಯುತ್ತಾರೆ. ತೋಟದೊಳಗಿನ ತಂತಿಗೆ ಆ ಭಾಗ್ಯವಿಲ್ಲ.

ಕೇಬಲ್ ಬದಲಾಯಿತು. ಈ ಸಲ ಎಡಿಎಸ್‌ಎಸ್, ಅಂದರೆ ಒಳಗೆ ಲೋಹವೇ ಇಲ್ಲದೆ ತನ್ನ ಭಾರ ತಾನೇ ಹೊರುವ ಕೇಬಲ್. ಬೆಲೆ ಜಾಸ್ತಿ. ಕರೆಂಟು ತಂತಿಯ ಹತ್ತಿರ ಕಟ್ಟಲು ಸುರಕ್ಷಿತ, ಸಿಡಿಲನ್ನೂ ಮನೆಗೆ ಕರೆತರುವುದಿಲ್ಲ. ಸ್ಪ್ಲಿಟರ್ ಎರಡೇ ಹಂತ: ಊರಿನ ಬಾಗಿಲಲ್ಲಿ ನಾಲ್ಕು ದಾರಿ, ಅಲ್ಲಿಂದ ಒಂದೊಂದು ದಿಕ್ಕಿಗೆ ಎಂಟು ದಾರಿ. ಒಟ್ಟು 32 ಮನೆಗೆ ಜಾಗ. ನಷ್ಟ 18 ಡಿಬಿ. ದೂರ, ಜಾಯಿಂಟು ಎಲ್ಲ ಸೇರಿ 23ರ ಒಳಗೆ. ಮಳೆಗಾಲಕ್ಕೆ ಅಂತ ಐದು ಡಿಬಿ ಕೈಯಲ್ಲಿ ಉಳಿಯಿತು. ತುದಿಯ ಮನೆಗೂ ನಡುವಿನ ಮನೆಗೂ ಈಗ ಹೆಚ್ಚು ವ್ಯತ್ಯಾಸವಿಲ್ಲ.

ಇಷ್ಟೆಲ್ಲ ಆದರೂ ಮಳೆಗಾಲ ದಾಟಿಸಿದ್ದು ಇದಲ್ಲ ಅನ್ನುವುದು ನನ್ನ ಅಭಿಪ್ರಾಯ. ದಾಟಿಸಿದ್ದು ಬೇರೆ ಎರಡು ತೀರ್ಮಾನ.

ಒಂದು, ಫೈಬರ್ ಕೂಡಿಸುವ ಸ್ಪ್ಲೈಸಿಂಗ್ ಮಷಿನ್ ಅನ್ನು ಊರಿನ ದುಡ್ಡಿನಲ್ಲೇ ತೆಗೆದುಕೊಂಡರು. ಒಂದು ಒಳ್ಳೆಯ ಬೈಕಿನಷ್ಟು ಬೆಲೆ. ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು. "ನಾವೇನು ಟೆಲಿಫೋನ್ ಕಂಪನಿ ನಡೆಸ್ತೇವಾ?" ಅಂತ ಹಿರಿಯರೊಬ್ಬರು ಎದ್ದೇ ಹೋದರು. ಈಗ ಪಕ್ಕದ ಮೂರು ಊರಿನವರು ಅದನ್ನು ಬಾಡಿಗೆಗೆ ಒಯ್ಯುತ್ತಾರೆ.

ಇನ್ನೊಂದು, ರಿಪೇರಿ ಮಾಡುವವರಿಗೆ ಸಂಬಳ. ನೆಟ್ ಇರಲಿ ಇಲ್ಲದಿರಲಿ, ತಿಂಗಳಿಗಿಷ್ಟು ಅಂತ. ಕನೆಕ್ಷನ್ ಇರುವ ಪ್ರತಿ ಮನೆ ಬಾಡಿಗೆಯ ಜೊತೆ 50 ರೂಪಾಯಿ ಹೆಚ್ಚು ಕೊಡುತ್ತದೆ, ಅದು ಸೊಸೈಟಿಯ ಒಂದು ಖಾತೆಗೆ ಹೋಗುತ್ತದೆ. ಆ ದುಡ್ಡಿನಲ್ಲಿ ಇಬ್ಬರಿಗೆ ಸಂಬಳ. ಒಬ್ಬ ಡಿಪ್ಲೊಮಾ ಮುಗಿಸಿ ಊರಲ್ಲೇ ಉಳಿದ ಹುಡುಗ. ಇನ್ನೊಬ್ಬ ಅದೇ ಕೊನೆಗೌಡ. ಹುಡುಗನಿಗೆ ಜಾಯಿಂಟು ಗೊತ್ತು, ಇವನಿಗೆ ಎತ್ತರ ಗೊತ್ತು, ಯಾವ ಮರ ಯಾವ ಗಾಳಿಗೆ ಎತ್ತ ಬಾಗುತ್ತದೆ ಅನ್ನುವುದೂ ಗೊತ್ತು. ಕಂಬದಿಂದ ಮನೆಗೆ ಹೋಗುವ ಸಣ್ಣ ತಂತಿಗಳನ್ನು ಹೇಗೆ ಒಯ್ಯಬೇಕು ಅಂತ ಪೂರ್ತಿ ಅವನೇ ತೀರ್ಮಾನಿಸಿದ. ಎಲ್ಲಿ ಮರಕ್ಕೆ ಕಟ್ಟಲೇಬೇಕೋ ಅಲ್ಲಿ ಅಡಿಕೆ ಬಿಟ್ಟು ಹಲಸು, ಮಾವು ಆರಿಸಿದ. ಸಡಿಲ ಇಟ್ಟ. ದೋಟಿಗೆ ಸಿಕ್ಕದಷ್ಟು ಎತ್ತರದಲ್ಲಿ ಕಟ್ಟಿದ.

ಮುಂದಿನ ಮಳೆಗಾಲದಲ್ಲೂ ತಂತಿ ಕಡಿಯಿತು, ಒಂದಲ್ಲ, ಹಲವು ಸಲ. ಆದರೆ ಕಡಿದ ದಿನ ಅಥವಾ ಮರುದಿನ ಸರಿಯಾಯಿತು. ದೊಡ್ಡ ತೊಂದರೆ ಕರೆಂಟಿನದ್ದೇ. ಮೋಡೆಮ್‌ಗೆ ಬೇಕಾಗುವುದು ಸುಮಾರು 10 ವ್ಯಾಟ್, ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿ ಎರಡನೆಯ ದಿನ ಕೈ ಎತ್ತುತ್ತಿತ್ತು. ಅಲ್ಲಿಗೆ ಸೋಲಾರ್ ಹಾಕುವ ಮಾತು ಇನ್ನೂ ಮಾತಾಗಿಯೇ ಇದೆ.

ವೈಫೈ ಬಂತು, ಒಟಿಪಿ ಬರಲಿಲ್ಲ

ಈಗ ಆ ಮೊದಲ ಎಡವಟ್ಟಿಗೆ ಬರೋಣ. ತೋಟದ ಮನೆಗಳಲ್ಲಿ 28 ಕನೆಕ್ಷನ್ ಆದವು. ಕೇರಿಯಲ್ಲಿ ಒಂದೂ ಇಲ್ಲ. ತಿಂಗಳಿಗೆ ನಾನ್ನೂರು-ಐನೂರು ರೂಪಾಯಿ ಅಂದರೆ ಒಂದು ದಿನದ ಕೂಲಿ. ಕೊಡಬಾರದು ಅಂತಲ್ಲ, ಯಾತಕ್ಕೆ ಕೊಡಬೇಕು ಅನ್ನುವುದು ಅವರಿಗೆ ಕಾಣಲಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಊರಿನವರು ಸೇರಿ ಹಾಲಿನ ಡೇರಿಯಲ್ಲಿ ಒಂದು ಎಲ್ಲರ ವೈಫೈ ಇಟ್ಟರು. ಜಾಗದ ಆಯ್ಕೆ ಒಳ್ಳೆಯದು. ಬೆಳಗ್ಗೆ, ಸಂಜೆ ಹಾಲು ಹಾಕಲು ತೋಟದ ಮನೆಯವರೂ ಬರುತ್ತಾರೆ, ಕೇರಿಯವರೂ ಬರುತ್ತಾರೆ. ದೇವಸ್ಥಾನದ ಜಗಲಿಯಲ್ಲೋ ಯಾರದೋ ಮನೆಯ ಮೆತ್ತಿಯಲ್ಲೋ ಇಟ್ಟಿದ್ದರೆ ಎಲ್ಲರೂ ಬರುತ್ತಿರಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪಾಸ್‌ವರ್ಡ್ ಇಲ್ಲದೆ ಬಿಡುವಂತಿಲ್ಲ. ಅದರಲ್ಲಿ ಯಾರು ಏನೇ ಮಾಡಿದರೂ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನೇ ಕೇಳುತ್ತಾರೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಅಂಗಡಿಯವರು ಲೈಸೆನ್ಸ್ ಇಲ್ಲದೆಯೇ ವೈಫೈ ಮಾರಬಹುದು. ಅದನ್ನು ನೋಡಿದರು. ಅಲ್ಲೂ ಬಳಸುವವರು ಮೊದಲು ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು.

ಗಂಟು ಬಿದ್ದದ್ದೇ ಇಲ್ಲಿ. ಒಟಿಪಿ ಬರುವುದು ಎಸ್ಎಂಎಸ್‌ನಲ್ಲಿ. ಎಸ್ಎಂಎಸ್ ಬರುವುದು ಟವರ್‌ನಿಂದ. ಊರಲ್ಲಿ ಫೈಬರ್ ಇದೆ, ಟವರ್ ಸಿಗ್ನಲ್ ಇಲ್ಲ. ಯುಪಿಐ ಹಾಕಿಕೊಳ್ಳಬೇಕಾದರೆ ಅದೇ ಸಿಮ್ಮಿನಿಂದ ಒಂದು ಎಸ್ಎಂಎಸ್ ಹೊರಗೂ ಹೋಗಬೇಕು. ಮನೆಯಲ್ಲಿ ಸಿನಿಮಾ ನೋಡುವಷ್ಟು ವೇಗವಿದೆ, ಬ್ಯಾಂಕಿನ ಆರು ಅಂಕೆ ಬೇಕಾದರೆ ಮತ್ತೆ ಗುಡ್ಡ ಹತ್ತಬೇಕು! ವೈಫೈ ಕಾಲಿಂಗ್ ಅನ್ನುವ ಸೌಲಭ್ಯವನ್ನು ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿವೆ. ಫೋನಿನ ಸೆಟ್ಟಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ಕರೆ ವೈಫೈ ಮೇಲೆ ಹೋಗುತ್ತದೆ, ಕೆಲವು ಫೋನ್‌ಗಳಲ್ಲಿ ಎಸ್ಎಂಎಸ್ ಕೂಡ. ಈ ಗುಂಡಿ ಇರುವುದು ತೋಟದ ಮನೆಯವರಿಗೇ ಗೊತ್ತಿರಲಿಲ್ಲ. ಕೇರಿಯಲ್ಲಿ ಬಹಳ ಮನೆಗಳಲ್ಲಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನ್. ಅದಕ್ಕೆ ವೈಫೈಯೇ ಇಲ್ಲ.

ಇನ್ನೂ ಒಂದು ಸುತ್ತು. ಆಧಾರಿಗೆ ಕೊಟ್ಟ ನಂಬರ್ ಯಾರದು? ಹೆಂಗಸರ ಆಧಾರಿನಲ್ಲಿ ಗಂಡನದ್ದೋ ಮಗನದ್ದೋ ನಂಬರ್. ಮಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಒಟಿಪಿ ಗೋವಾಕ್ಕೆ ಹೋಗುತ್ತದೆ, ಅವನು ಫೋನ್ ಎತ್ತುವಷ್ಟರಲ್ಲಿ ಹೊತ್ತು ಮೀರುತ್ತದೆ. ಒಟಿಪಿ ಬೇಡ, ಹೆಬ್ಬೆಟ್ಟು ಕೊಡುತ್ತೇನೆ ಅಂದರೆ ವರ್ಷಾನುಗಟ್ಟಲೆ ಹಸಿ ಅಡಿಕೆ ಸುಲಿದ ಕೈ. ಯಂತ್ರ ಗೆರೆ ಗುರುತಿಸುವುದಿಲ್ಲ. ದೇಶದ ಹಳ್ಳಿಗಳಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ನೂರಕ್ಕೆ 25, ಗಂಡಸರು 49 ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಅಂತರದ ಹಿಂದೆ ಇಂಥ ಸಣ್ಣ ಸಣ್ಣ ಗಂಟುಗಳೇ ಇವೆ. ತಂತಿ ಎಳೆದರೆ ಅವು ಬಿಚ್ಚುವುದಿಲ್ಲ.

ಇಲ್ಲೂ ಬಿಡಿಸಿದ್ದು ಒಬ್ಬರ ಸಂಬಳವೇ. ಕೇರಿಯದ್ದೇ ಒಬ್ಬ ಹುಡುಗಿ, ಪಿಯುಸಿ ಮುಗಿಸಿದವಳು, ವಾರಕ್ಕೆ ಮೂರು ಸಂಜೆ ಡೇರಿಯಲ್ಲಿ ಕೂರುತ್ತಾಳೆ. ಅದೇ ಸೊಸೈಟಿ ಖಾತೆಯಿಂದ ಅವಳಿಗೂ ದುಡ್ಡು. ತೋಟದ ಮನೆಯ ಕೆಲವರು "ನಮ್ಮ ದುಡ್ಡಲ್ಲಿ ಅವರಿಗ್ಯಾಕೆ?" ಅಂದರು. ಸೊಸೈಟಿಯ ಸೆಕ್ರೆಟರಿ ಒಂದೇ ಮಾತು ಕೇಳಿದರು: "ನಿಮ್ಮ ತಂತಿ ಹೋಗಿರೋ ಕಂಬ ಯಾರ ಗದ್ದೆಯಲ್ಲಿದೆ?" ಚರ್ಚೆ ಅಲ್ಲಿಗೆ ನಿಂತಿತು.

ಅವಳು ಮೊದಲ ತಿಂಗಳು ಕಂಪ್ಯೂಟರ್ ಕಲಿಸಲಿಲ್ಲ. ಹೆಂಗಸರನ್ನು ಗುಂಪಾಗಿ ಶಿರಸಿಯ ಆಧಾರ್ ಕೇಂದ್ರಕ್ಕೆ ಕರೆದೊಯ್ದು ನಂಬರ್ ಬದಲಿಸಿದಳು. ಬೆರಳು ಬಾರದವರಿಗೆ ಕಣ್ಣಿನ ಗುರುತು ಕೇಳಿ ಪಡೆಯುವುದು ಹೇಗೆ ಅಂತ ಹೇಳಿಕೊಟ್ಟಳು. ಆಮೇಲೆ ಪಹಣಿ, ಪಾಸ್‌ಬುಕ್ ನೋಡುವುದು. ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 1930 ಅಂತ ಬರೆದು ಅಂಟಿಸಿದ್ದಾಳೆ, ಅದು ಸೈಬರ್ ಮೋಸದ ದೂರಿನ ನಂಬರ್. ಒಟಿಪಿ ಯಾರಿಗೂ ಹೇಳಬಾರದು ಅಂತಲೂ ಹೇಳುತ್ತಾಳೆ, ಅವಳ ಹತ್ತಿರ ಬರುವವರೆಲ್ಲ ಒಟಿಪಿಯನ್ನು ಅವಳಿಗೇ ಓದಿ ಹೇಳುತ್ತಾರೆ. ಇದಕ್ಕೆ ಏನು ಮಾಡಬೇಕು ಅಂತ ಅವಳಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ.

ಸದ್ಯದ ಸ್ಥಿತಿ

2023ರ ಆಗಸ್ಟಿನಲ್ಲಿ ಕೇಂದ್ರ ಭಾರತ್‌ನೆಟ್‌ನ ತಿದ್ದಿದ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಸುಮಾರು 1.39 ಲಕ್ಷ ಕೋಟಿ ರೂಪಾಯಿಯದ್ದು. ಅದರಲ್ಲಿ ಎರಡು ಬದಲಾವಣೆ ನನಗೆ ಮುಖ್ಯ ಅನಿಸುತ್ತದೆ. ಒಂದೇ ಸಾಲಿನಲ್ಲಿ ಹೋಗುತ್ತಿದ್ದ ತಂತಿಯನ್ನು ಉಂಗುರದಂತೆ ಸುತ್ತಿ ತರುವುದು. ಹಾಗಾದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಎಳೆದವರೇ ಹತ್ತು ವರ್ಷ ನೋಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಈ ಊರು ಹಳ್ಳದ ಬದಿಯಲ್ಲಿ ಎಡವಿ ಕಲಿತದ್ದನ್ನು ದೆಹಲಿಯೂ ಅಷ್ಟರಲ್ಲಿ ಕಲಿತಿತ್ತು ಅನ್ನೋಣ. ಆದರೆ ಉಂಗುರ ಇರುವುದು ಪಂಚಾಯ್ತಿವರೆಗೆ. ಆಮೇಲಿನ ಏಳು ಕಿಲೋಮೀಟರ್ ಇನ್ನೂ ಒಂಟಿ ತಂತಿ.

ಕೆಳಗಿನ ಊರಿನ ಕಡೆಯಿಂದ ಎರಡನೆಯ ತಂತಿ ತರಬಹುದು. ನಡುವೆ ಒಂದು ಕಿಲೋಮೀಟರಿನಷ್ಟು ಕಾಡು, ಅಲ್ಲಿ ಕರೆಂಟು ಕಂಬವೂ ಇಲ್ಲ. ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2)ರಲ್ಲಿ ಇದಕ್ಕೊಂದು ದಾರಿ ಇದೆ. ಶಾಲೆ, ರಸ್ತೆಯಂಥ ಕೆಲಸಗಳ ಪಟ್ಟಿಯಲ್ಲೇ ಕರೆಂಟು ಮತ್ತು ದೂರಸಂಪರ್ಕದ ಲೈನೂ ಸೇರಿದೆ. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಕಾಲುದಾರಿಯ ಬದಿಯಲ್ಲೇ ಕಂಬ ನೆಟ್ಟರೆ ಇಲ್ಲಿ ಒಂದು ಮರವನ್ನೂ ಕಡಿಯಬೇಕಿಲ್ಲ. ಗ್ರಾಮಸಭೆಯ ಠರಾವು ಆಗಿದೆ. ಅಳತೆ ಆಗಬೇಕು.

ಕಂಬದ ಖರ್ಚು ಯಾರದು ಅನ್ನುವುದರಲ್ಲಿ ಒಮ್ಮತವಿಲ್ಲ. ತುದಿಯ ಮನೆಗಳವರು ಅರ್ಧ ಕೊಡಲು ತಯಾರು, ಊರಿನ ಬಾಗಿಲಲ್ಲಿರುವವರಿಗೆ ಎರಡನೆಯ ತಂತಿ ಬೇಕು ಅಂತಲೇ ಅನಿಸಿಲ್ಲ. ಕೆಳಗಿನ ಊರಿನವರು ದುಡ್ಡು ಕೊಡುವುದಿಲ್ಲ, ಮಷಿನ್ ಬಾಡಿಗೆ ಬಿಟ್ಟುಕೊಟ್ಟರೆ ಆಳು ಕಳಿಸುತ್ತೇವೆ ಅಂದಿದ್ದಾರೆ. ಸಂಬಳ ನೂರಾದರೂ ಹೆಚ್ಚಾಗಬೇಕು ಅಂತ ಕೊನೆಗೌಡನೂ ಕೇಳಿದ್ದಾನೆ. ಕೊನೆ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ, ಹಾಗಾಗಿ ಅದಕ್ಕೆ ಮುಂಚೆ, ದೀಪಾವಳಿಯ ಆಸುಪಾಸಿನಲ್ಲಿ ಡೇರಿಯಲ್ಲೇ ಸಭೆ ಇಟ್ಟಿದ್ದಾರೆ.